ತೆಗೀರಿ ಅಂದರೆ

ಕ್ಯಾಮೆರಾ ಕೊಂಡ ಹೊಸತರಲ್ಲಿ ಭಾನುವಾರ ಬಂತೆಂದರೆ ನಾನು ಮೂಡಿಗೆರೆ ಬಸ್ ಸ್ಟ್ಯಾಂಡಿನಲ್ಲಿರುತ್ತಿದ್ದೆ. ಒಂದು ಬೆಳಿಗ್ಗೆ ತೋಟದ ಕೆಲಸದ ಹೆಂಗಸೊಬ್ಬರು ಬೆಂಚಿನ ಮೇಲೆ ಕೂತು, ಟೀಗೆ ಬನ್ನು ಅದ್ದಿಕೊಂಡು ತಿನ್ನುತ್ತಿದ್ದರು. ಲೋಟದ ಹಬೆಯ ಮೇಲೆ ಎಳೆಬಿಸಿಲು ಬಿದ್ದಿತ್ತು. ಕ್ಲಿಕ್ಕಿಸಿದೆ. ಅವರು ತಿರುಗಿ ನೋಡಿ, "ತೆಗೀರಿ" ಅಂದರು. ನಾನು ಖುಷಿಯಿಂದ ಇನ್ನೆರಡು ತೆಗೆದೆ.

"ತೆಗೀರಿ ಅಂದ್ನಲ್ಲ!" ಎಂದು ಅವರು ಎದ್ದೇಬಿಟ್ಟರು.

ಪಕ್ಕದ ಜೀಪಿನ ಡ್ರೈವರ್ ನಕ್ಕ. "ಅವ್ರು ಅಳಿಸಿ ಅಂತಿದ್ದಾರೆ ಮಾರಾಯ್ರೆ, ನೀವು ಮತ್ತೂ ತೆಗೀತಾ ಇದ್ದೀರಲ್ಲ!"

ತಪ್ಪು ನನ್ನದೇ ಆದರೂ ಸಿಟ್ಟು ಬಂದದ್ದು ನನಗೆ. ಇದು ಸಾರ್ವಜನಿಕ ಜಾಗ, ಇಲ್ಲಿ ಯಾರ ಫೋಟೋ ಬೇಕಾದರೂ ತೆಗೆಯಬಹುದು ಎಂದು ಗಂಟಲು ಏರಿಸಿದೆ.

"ಜಾಗ ಎಲ್ಲರದ್ದೇ. ಬಾಯಿ ನಂದಲ್ವಾ?" ಅಂದರು ಅವರು.

ತಗೊಳ್ಳಿ ಎಂದು ಅವರ ಕಣ್ಣೆದುರಿಗೇ ಮೂರನ್ನೂ ಅಳಿಸಿ ತೋರಿಸಿದೆ.

ಖಾಲಿ ಪರದೆಯನ್ನು ಅವರು ಬಗ್ಗಿ ನೋಡಿದರು. ಆಮೇಲೆ ಮೆಲ್ಲಗೆ ಕೇಳಿದರು, "ಚೆನ್ನಾಗಿ ಬಂದಿದ್ನಾ?"

ನಾನೂ ಆ ಖಾಲಿ ಪರದೆಯನ್ನೇ ಬಗ್ಗಿ ನೋಡಿದೆ. ಅವರ ಮುಖವನ್ನು ನಾನು ಗಮನಿಸಿಯೇ ಇರಲಿಲ್ಲ; ನೋಡಿದ್ದು ಬರೀ ಹಬೆ.