ಕಣ ಬರಿದಾಗುವ ತನಕ ಕಾದೆ

ಗಂಗವ್ವ, ನಿನ್ನ ಆಸರೆಮನೆಯನ್ನು ಮುಚ್ಚಿಸಿದ್ದು ನಿಯಮವಲ್ಲ — ನಾನು.

೧೯೫೧, ಫಾಲ್ಗುಣದ ಒಂದು ಸೋಮವಾರ, ಬೆಳಗಿನ ಏಳು ಗಂಟೆ. ಇದ್ದವರು ಮೂವರು: ಪೇಟೆಯ ಕಚೇರಿಯಿಂದ ಅಳತೆಯ ಸರಪಳಿ ಹಿಡಿದು ಬಂದ ನಾನು, ಕಣದ ಒಡೆಯ ಮಲ್ಲಪ್ಪ, ಮತ್ತು ಹತ್ತಿ ಕೂಡಿಡುವ ವಖಾರಿಯನ್ನು ಮನೆಯಿಲ್ಲದವರಿಗೆ ಬಿಟ್ಟುಕೊಟ್ಟಿದ್ದ ನೀನು.

ಕುಡಿಯುವ ನೀರಿನ ಬಾವಿಯಿಂದ ಇನ್ನೂರು ಗಜದೊಳಗೆ ಇಂಥ ಆಸರೆಮನೆ ಇರಕೂಡದು — ನಮ್ಮ ಪೇಟೆಯ ಹೊಸ ನಿಯಮ. ಯಾವ ದಾರಿಯಿಂದ ಅಳೆಯಬೇಕೆಂದು ಅದರಲ್ಲಿ ಇರಲಿಲ್ಲ. ಬಾವಿಗೂ ನಿನ್ನ ವಖಾರಿಗೂ ನಡುವೆ ಮಲ್ಲಪ್ಪನ ಕಣ. ಜೋಳದ ರಾಶಿ ಇರುವಾಗ ಅದರ ಮೇಲೆ ಕಬ್ಬಿಣ ಹಾಯಿಸುವುದಿಲ್ಲ. ಸರಪಳಿ ಕಣವನ್ನು ಸುತ್ತುಬಳಸಿಯೇ ಹೋಗಬೇಕು. ನಾನಂತೂ ಯಾವಾಗಲೂ ಬರಿದಾದ ಕಣವನ್ನೂ ಸುತ್ತುಬಳಸಿಯೇ ಅಳೆಯುತ್ತಿದ್ದೆ, ಸುಗ್ಗಿಗೊಂದು ಅಳತೆ ಬೇಸಿಗೆಗೊಂದು ಅಳತೆ ಆಗಬಾರದೆಂದು.

ಹಿಂದಿನ ವಾರ ಹೋದಾಗ ರಾಶಿ ಇತ್ತು.

“ಬಳಸಿ ಒಯ್ರಿ ಸಾಹೇಬ್ರ,” ಎಂದು ಮಲ್ಲಪ್ಪ ನಕ್ಕ. “ಲಕ್ಷ್ಮಿ ಮುನಿಸ್ಕೊಂಡ್ರ ನಿಮ್ಮ ಪಗಾರದಾಗ ನನ್ನ ಜ್ವಾಳದ ಹಗೇವು ತುಂಬಸ್ತೀರೇನು?”

ಬಳಸಿದರೆ ಇನ್ನೂರು ದಾಟುತ್ತದೆ — ಕಣ್ಣಳತೆಯಲ್ಲೇ ತಿಳಿಯಿತು. ನಿನ್ನ ಮನೆ ಉಳಿಯುತ್ತದೆ. “ಇವತ್ತ ಬ್ಯಾಡ,” ಎಂದು ಹಿಂದಿರುಗಿದೆ. ರಾಶಿ ಎತ್ತಿದ ಮರುದಿನ ಬಂದು, ಕಣದ ನಡುವೆ ನೇರವಾಗಿ ಸರಪಳಿ ಎಳೆದೆ. ದೂರ ಸಾಲಲಿಲ್ಲ.

“ನೀವ ಅಳದ ಮ್ಯಾಲೆ ಮುಗೀತ್ರಿ ಅಣ್ಣಾರ,” ಅಂದೆ ನೀನು. “ನಿಮ್ಮ ಕೈ ತಪ್ಪಂಗಿಲ್ಲ.”

ಕೈ ತಪ್ಪಿರಲಿಲ್ಲ. ಅದಕ್ಕೇ ಯಾರೂ ಕೇಳಲಿಲ್ಲ.

ವಖಾರಿಯ ಆಚೆ ನನ್ನ ಮನೆ. ನಸುಕಿನಲ್ಲಿ ಎದ್ದು, ಮಿಂದು, ಸದ್ದಿಲ್ಲದೆ ಓದಲು ಕೂರುವವನು ನಾನು — ಆ ಜನರ ಕೆಮ್ಮು, ಒಲೆಯ ಹೊಗೆ, ನನ್ನ ಅಂಗಳ ಹಾಯುವ ಮಕ್ಕಳು — ನನ್ನ ಶಿಸ್ತು ಕೆಡುತ್ತಿತ್ತು. ಇದಕ್ಕಿಂತ ದೊಡ್ಡ ಕಾರಣ — ಇಲ್ಲ, ಇರಲಿಲ್ಲ.

ಅಂದು ಸಂಜೆಯೇ ವಖಾರಿ ಖಾಲಿಯಾಯಿತು. ಉಟಗಿಯ ಕುಂಟ ಕುರಿಗಾರ ಸಿದ್ದಪ್ಪ ಕಂಬಳಿ ಹೊತ್ತು ವಿಜಾಪುರದ ದಾರಿ ಹಿಡಿದ. ಹೊರಡುವಾಗ ನನಗೆ ಕೈ ಮುಗಿದ. ಎಲ್ಲಿ ಮಲಗಿದನೋ — ಈ ಏಳು ವರ್ಷ ವಿಚಾರಿಸಲಿಲ್ಲ.

ಇಂದು ಬೆಳಿಗ್ಗೆ ನಿನ್ನೆದುರು ಎಲ್ಲ ಹೇಳಿದೆ. ನೀನು ಹಿಟ್ಟು ಸಾಣಿಸುವುದನ್ನು ನಿಲ್ಲಿಸಲಿಲ್ಲ. “ನನ್ನ ಮನಿ ಹೆಂಗ ಅಳದ್ರೂ ಇನ್ನೂರು ಗಜದಾಚೆ ಐತಿ, ತಂಗಿ. ಮುಂದಿನ ಎರಡೂ ಖೋಲಿ ಮನಿ ಇಲ್ಲದವರಿಗೆ ಬಿಡ್ತೀನಿ,” ಎಂದೆ.

“ಮತ್ತ ನಿಮ್ಮ ಓದು ಕೆಡ್ತದಲ್ರಿ?”

“ಕೆಡ್ಲಿ.”

“ಹಂಗಾದ್ರ ಲಗೂನ ಕಸಾ ಹೊಡೀರಿ. ನಾಳೆ ಸಂತಿ. ಮಂದಿ ಬರ್ತಾರ.”

ಕ್ಷಮಿಸಿದೆ ಎನ್ನಲಿಲ್ಲ ನೀನು. ನಾನೂ ಕೇಳಲಿಲ್ಲ. ನಿನಗೊಬ್ಬಳಿಗೆ ಹೇಳಿದರೆ ಸಾಲದು, ಊರಿಗೂ ತಿಳಿಯಲಿ ಎಂದೇ ಇದನ್ನು ಬರೆಯುತ್ತಿದ್ದೇನೆ. ಕಚೇರಿಗೂ ಹೋಗಿ ನಡೆದದ್ದನ್ನು ಹೇಳಿದೆ. ಜನ ನಡೆಯುವ ದಾರಿಯಿಂದಲೇ ಅಳೆಯಬೇಕೆಂದು ನಿಯಮಕ್ಕೆ ಸೇರಿಸಿರಿ, ವಖಾರಿಯನ್ನು ಮತ್ತೆ ಅಳೆಯಿರಿ ಎಂದು ಕೇಳಿದೆ. ಮುಂದಿನ ಸಭೆಯಲ್ಲಿ ತೆಗೆದುಕೊಳ್ಳುತ್ತಾರಂತೆ. ಅಂದು ಕಚೇರಿಯ ಬಾಗಿಲಲ್ಲಿ ಕೂತಿರುತ್ತೇನೆ.

ಸಂಜೆ ನೀನು ಖೋಲಿ ನೋಡಲು ಬಂದೆ. ಎರಡು ಸಲ ಗುಡಿಸಿ, ಸಾರಿಸಿ, ಕಂಬಳಿಗಳನ್ನು ಅಂಚಿಗೆ ಅಂಚು ಕೂಡಿಸಿ ಮಡಿಸಿಟ್ಟಿದ್ದೆ. ನೀನು ಕಿಟಕಿಯ ಕೆಳಗಿನ ಮೂಲೆಗೆ ಬೆರಳು ತೋರಿಸಿದೆ. ಜೇಡರ ಬಲೆ ಉಳಿದಿತ್ತು. ಅದನ್ನೂ ತೆಗೆದೆ.