ಹೆನ್ರಿಯ ವಯಸ್ಸು

ಪುಣೆಯ ಮಾರ್ಕೆಟ್ ಯಾರ್ಡ್‌ನ ಉಳ್ಳಾಗಡ್ಡಿ ಅಡತಿ ಅಂಗಡಿಯೊಂದರಲ್ಲಿ ಮೂವತ್ತೆಂಟು ವರ್ಷ ಮರಾಠಿಯಲ್ಲಿ ಲಾರಿ ಚೀಟಿ ಬರೆದ ಬಸವಪ್ರಭು, ಕೆಲಸ ಬಿಟ್ಟ ಮೇಲೂ ಬೆಳಿಗ್ಗೆ ಏಳಕ್ಕೆ ಸದಾಶಿವ ಪೇಠದ ಉಡುಪಿ ಹೋಟೆಲಿಗೆ ಬರುವುದನ್ನು ಬಿಡಲಿಲ್ಲ. ಇಂಡಿ ತಾಲೂಕಿನವರು. ತಂದೆ ತೀರಿಕೊಂಡಾಗ ಒಂಬತ್ತನೆಯ ತರಗತಿಗೇ ಶಾಲೆ ಬಿಟ್ಟು ಪುಣೆಗೆ ಬಂದವರು. ಆದರೆ ಓದುವ ಹುಚ್ಚು ಬಿಟ್ಟಿರಲಿಲ್ಲ. ಚಹಾ ಕುಡಿಯುತ್ತ ಮರಾಠಿ ಪೇಪರನ್ನು ಪಕ್ಕದ ಮೇಜಿನವರಿಗೂ ಕೇಳುವಂತೆ ಓದುತ್ತಿದ್ದರು.

ಗಲ್ಲೆಯಲ್ಲಿ ದುಡ್ಡು ತೆಗೆದುಕೊಳ್ಳುತ್ತ ಕೂರುತ್ತಿದ್ದ ಹೋಟೆಲಿನ ಒಡತಿ ಲೀಲಾಕ್ಷಿ ಒಂದು ದಿನ ಅವರನ್ನು ಕರೆದರು.

"ನನ್ನ ಮಗಳು ಶರಣ್ಯಾಳಿಗೆ ಕಣ್ಣು ಕಾಣುವುದಿಲ್ಲ ಮಾರಾಯ್ರೆ. ಶಿವಾಜಿನಗರದ ಕಾಲೇಜಿನಲ್ಲಿ ಇತಿಹಾಸ ಬಿ.ಎ. ಮಾಡ್ತಾಳೆ, ಮರಾಠಿಯಲ್ಲಿ. ನಿಮ್ಮ ಓದು ಸ್ಪಷ್ಟ ಉಂಟು. ಅವಳಿಗೆ ಪುಸ್ತಕ ಓದಿ ಹೇಳ್ತೀರಾ?"

"ಅದಕ್ಕೇನ್ರಿ ಅಕ್ಕಾರ, ಓದ್ತೀನ್ರಿ."

ಅಂದಿನಿಂದ ಮಧ್ಯಾಹ್ನಗಳು ಹೋಟೆಲಿನ ಮೇಲಿನ ಮನೆಯಲ್ಲಿ ಕಳೆದವು. ಫೆಬ್ರವರಿಯಲ್ಲಿ ಹದಿಮೂರನೆಯ ಶತಮಾನದ ಇಂಗ್ಲೆಂಡಿನ ಪಾಠ ಬಂತು. ಬಸವಪ್ರಭು ಅರ್ಧಕ್ಕೇ ನಿಲ್ಲಿಸಿದರು.

"ಒಂಬತ್ತು ವರ್ಷದ ಹುಡುಗ ತಾಯಿ, ಈ ಹೆನ್ರಿ! ಅಪ್ಪ ಸತ್ತಾನ, ಅರ್ಧ ರಾಜ್ಯ ವೈರಿ ಕೈಯಾಗ ಅದ. ತಲೀಗೆ ಇಡಾಕ ಕಿರೀಟಾನೂ ಇಲ್ಲ, ಅವ್ವನ ಬಂಗಾರದ ಪಟ್ಟಿ ಇಟ್ರಂತ."

"ಆಮೇಲೆ ಎಂತ ಆಯ್ತು? ಓದಿ ಅಂಕಲ್," ಎಂದಳು ಶರಣ್ಯಾ.

ವಿಲಿಯಂ ಮಾರ್ಷಲ್ ಎಂಬ ಎಪ್ಪತ್ತರ ಮುದುಕ ಆ ಹುಡುಗನ ಹೆಸರಿನಲ್ಲಿ ರಾಜ್ಯ ನಡೆಸಲು ಒಪ್ಪಿಕೊಂಡಿದ್ದ. ಆ ವಯಸ್ಸಿನಲ್ಲಿ ಕುದುರೆ ಹತ್ತಿ ಯುದ್ಧ ಗೆದ್ದಿದ್ದ. ಕೊನೆಗೆ ಹಾಸಿಗೆ ಹಿಡಿದಾಗ, ತಾನು ಸಾಯುವ ಮೊದಲೇ ಎಲ್ಲರೆದುರು ಬಾಲರಾಜನನ್ನು ಪೋಪನ ಪ್ರತಿನಿಧಿಗೆ ಒಪ್ಪಿಸಿ ಅಧಿಕಾರ ಬಿಟ್ಟುಕೊಟ್ಟಿದ್ದ. ಆ ಭಾಗವನ್ನು ಬಸವಪ್ರಭು, ಅವಳು ಕೇಳದಿದ್ದರೂ, ಎರಡು ಸಲ ಓದಿದರು.

ಪರೀಕ್ಷೆ ಹತ್ತಿರ ಬಂತು. ಶರಣ್ಯಾ ಹೇಳಿದ್ದನ್ನು ಬರೆಯಲು ಒಬ್ಬರು ಬೇಕಿತ್ತು; ಅವರು ಅವಳಿಗಿಂತ ಕಡಿಮೆ ಓದಿದವರಾಗಿರಬೇಕು ಎಂಬುದು ನಿಯಮ. ಅವಳ ಗೆಳತಿಯರೆಲ್ಲ ಅದೇ ತರಗತಿಯವರು.

"ನೀವೇ ಬನ್ನಿ ಅಂಕಲ್," ಎಂದಳು.

ಯಾರಿಗೂ ತೋರಿಸಲು ನಾಚುತ್ತಿದ್ದ ಹಳೆಯ ಶಾಲೆಯ ದಾಖಲೆಯನ್ನು ಬಸವಪ್ರಭು ಟ್ರಂಕಿನ ತಳದಿಂದ ತೆಗೆದರು. ಕಾಲೇಜಿನ ಗುಮಾಸ್ತ ಅದನ್ನು ನೋಡಿ ತಲೆಯಾಡಿಸಿ ಮುದ್ರೆ ಒತ್ತಿದ. ವಿದ್ಯಾರ್ಥಿ ಹೇಳಿದ್ದನ್ನು ಬಿಟ್ಟು ಒಂದಕ್ಷರವನ್ನೂ ಬರೆಯುವುದಿಲ್ಲವೆಂದು ಅವರು ಸಹಿ ಹಾಕಿದರು.

ಪ್ರಶ್ನೆಪತ್ರಿಕೆಯಲ್ಲಿ ಮಾರ್ಷಲ್ ಬಂದೇಬಿಟ್ಟ. ಶರಣ್ಯಾ ಉತ್ಸಾಹದಲ್ಲಿ ಸರಸರನೆ ಹೇಳತೊಡಗಿದಳು. "ಆಗ ಹೆನ್ರಿಗೆ ಏಳು ವರ್ಷ..."

ಪೆನ್ನು ನಿಂತಿತು. ಮೇಲ್ವಿಚಾರಕಿ ಎರಡು ಹೆಜ್ಜೆ ದೂರದಲ್ಲಿದ್ದರು, ಮುಖ ಕಿಟಕಿಯ ಕಡೆಗಿತ್ತು. ತಿದ್ದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಬಸವಪ್ರಭು 'ಏಳು' ಎಂದೇ ಬರೆದರು.

ಹೊರಗೆ ಬಂದು ಮೆಟ್ಟಿಲಿಳಿಯುವಾಗ ಅವರಿಗೆ ತಡೆಯಲಾಗಲಿಲ್ಲ. "ಒಂಬತ್ತು ಅಂತ ನನಗ ಗೊತ್ತಿತ್ತು ತಾಯಿ. ಆದ್ರೂ ನೀ ಅಂದಂಗ ಬರದೆ. ನಿನಗ ಮೋಸ ಮಾಡಿದೆನೇನು?"

"ಅಯ್ಯೋ, ಏಳು ಅಂದೆನಾ!" ಶರಣ್ಯಾ ನಕ್ಕುಬಿಟ್ಟಳು. ಆಮೇಲೆ ಅವರ ಮೊಣಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡು ಹೇಳಿದಳು: "ಸಣ್ಣವಳಿದ್ದಾಗಿನಿಂದ ಎಲ್ಲರೂ ನನ್ನ ಪರವಾಗಿ ತಿದ್ದುತ್ತಾರೆ ಅಂಕಲ್. ನೀವು ನನ್ನ ಪೇಪರನ್ನು ನನ್ನದಾಗಿಯೇ ಬಿಟ್ರಿ. ಥ್ಯಾಂಕ್ಸ್."

ಫಸ್ಟ್ ಕ್ಲಾಸಿನಲ್ಲಿ ಪಾಸಾದಳು. ಲೀಲಾಕ್ಷಿ ಗಲ್ಲೆಯಿಂದ ಎದ್ದುಬಂದು ಕೈಮುಗಿದಾಗ ಬಸವಪ್ರಭು ಗಾಬರಿಯಾಗಿ ತಾವೂ ಕೈಮುಗಿದರು.

"ಉಪಕಾರ ನಂದಲ್ರಿ ಅಕ್ಕಾರ. ನೌಕರಿ ಬಿಟ್ಟ ಮ್ಯಾಲ ಈ ಕೈಯಕ್ಷರ ಯಾರಿಗೂ ಬೇಕಾಗಿರಲಿಲ್ರಿ. ನಿಮ್ಮ ಮಗಳಿಗೆ ಬೇಕಾತು. ನಾ ಭಾಳ ಪುಣ್ಯವಂತ ನೋಡ್ರಿ."

ಈಗ ಎಂ.ಎ. ಪುಸ್ತಕಗಳು ಬಂದಿವೆ. ಮೊದಲನೆಯದೇ ಐನೂರು ಪುಟ, ಅಕ್ಷರ ಬಹಳ ಸಣ್ಣದು. ಬಸವಪ್ರಭು ಹೊಸ ಕನ್ನಡಕ ಮಾಡಿಸಿಕೊಂಡಿದ್ದಾರೆ.