ಮಂಗಳವಾರದ ನಲ್ಲಿ

ಮಕ್ಕಳ ಆಸ್ಪತ್ರೆಯ ಪರೀಕ್ಷಾಲಯದಲ್ಲಿ ಇಪ್ಪತ್ತಾರು ವರ್ಷದಿಂದ ದುಡಿಯುತ್ತಿದ್ದ ಆಕೆಯನ್ನು ಎಲ್ಲರೂ ಸೂಜಿಯಮ್ಮ ಎನ್ನುತ್ತಿದ್ದರು. ಸೂಜಿ ಚುಚ್ಚುವುದು ಆಕೆಯ ಕೆಲಸವಲ್ಲ. ರಕ್ತಭೇದಿ ತರುವ ಬ್ಯಾಕ್ಟೀರಿಯಾದ ಸೂಜಿಯ ಕಥೆಯನ್ನು ಸಿಕ್ಕಸಿಕ್ಕ ತಾಯಂದಿರ ತಲೆಗೆ ತುಂಬುವುದು ಆಕೆಯ ಚಾಳಿ. ಆ ಕಣ್ಣಿಗೆ ಕಾಣದ ಪಿಡುಗು ಕರುಳಿನ ಜೀವಕೋಶಕ್ಕೆ ಅಂಟಿಕೊಂಡು, ಸೂಜಿಯಂಥ ನಳಿಕೆ ಚುಚ್ಚಿ, ತನ್ನ ಪ್ರೋಟೀನುಗಳನ್ನು ಒಳಕ್ಕೆ ತಳ್ಳುತ್ತದಂತೆ. ಒಳಹೊಕ್ಕ ಪ್ರೋಟೀನು ಹೊಸದಾಗಿ ಬಂದ ಸಾಹೇಬರ ಹಾಗೆ ದರ್ಬಾರು ನಡೆಸಿ, ಕೋಶದ ಕೈಯಿಂದಲೇ ಬಾಗಿಲು ತೆಗೆಸುತ್ತದಂತೆ. ಕೇಳಿದ ತಾಯಿಗೆ ಆ ಹೊತ್ತಿನ ಊಟ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ವಾರ್ಡಿನ ಕೈತೊಳೆಯುವ ನಲ್ಲಿಯ ತಿರುಪನ್ನು ಹತ್ತಿಯಿಂದ ಒರೆಸಿ ಪರೀಕ್ಷಿಸುವ ದಿನ ಮಂಗಳವಾರ. ಅಂದು ಬೆಳಗ್ಗೆಯೇ ಆಯಾ ಅದನ್ನು ಸ್ಪಿರಿಟ್ಟಿನಿಂದ ಫಳಫಳ ಉಜ್ಜಿಡುತ್ತಿದ್ದಳು. ಪರೀಕ್ಷೆಗೆ ಹೋಗುವ ವಸ್ತು ಕೊಳಕಾಗಿದ್ದರೆ ಆಸ್ಪತ್ರೆಯ ಮರ್ಯಾದೆ ಏನಾದೀತು ಎಂಬುದು ಆಕೆಯ ಕಾಳಜಿ. ಹನ್ನೊಂದು ವರ್ಷದಿಂದ ವರದಿ ಒಂದೇ: ಏನೂ ಬೆಳೆದಿಲ್ಲ. ಅದಕ್ಕೆ ಬಂದ ಪ್ರಶಸ್ತಿಪತ್ರಗಳು ಅಧೀಕ್ಷಕರ ಕೋಣೆಯ ಗೋಡೆ ತುಂಬಿದ್ದವು. ವಾರ್ಡಿನ ಮಕ್ಕಳು ಮಾತ್ರ ಒಂದು ಕಾಯಿಲೆ ತಂದು ಎರಡು ಕೊಂಡೊಯ್ಯುತ್ತಿದ್ದರು.

ಕೈ ಮುರಿದುಕೊಂಡ ಸ್ವಂತ ಮೊಮ್ಮಗಳೇ ಆ ವಾರ್ಡಿಗೆ ಬಂದು ಮಲಗಿದಾಗ, ಪಕ್ಕದ ಮೂರು ಮಂಚಗಳಲ್ಲಿ ರಕ್ತಭೇದಿ ಎಂದು ಸೂಜಿಯಮ್ಮನಿಗೆ ತಿಳಿಯಿತು. ನಲ್ಲಿಯ ಹತ್ತಿರ ಸುಳಿಯಬೇಡವೆಂದು ಮಗುವಿಗೆ ತಾಕೀತು ಮಾಡಿ, ಶುಕ್ರವಾರವೇ ಹೋಗಿ ತಿರುಪನ್ನು ಒರೆಸಿಕೊಂಡು ಬಂದಳು. ಸೋಮವಾರ ನೋಡಿದರೆ, ಆ ಹತ್ತಿಯನ್ನು ಸವರಿಟ್ಟಿದ್ದ ಪರೀಕ್ಷೆಯ ತಟ್ಟೆಯಲ್ಲಿ ಅದೇ ಬ್ಯಾಕ್ಟೀರಿಯಾ ಗುಂಪುಗುಂಪಾಗಿ ಬೆಳೆದು ಕೂತಿತ್ತು.

ಅಧೀಕ್ಷಕರು ತಟ್ಟೆಯನ್ನು ಬಿಟ್ಟು ಕ್ಯಾಲೆಂಡರ್ ನೋಡಿದರು.

“ಶುಕ್ರವಾರದ್ದು ನಡೆಯಲ್ಲಮ್ಮ. ನಾಳೆ ತೆಗೀರಿ, ಆಗಲೂ ಬಂದ್ರೆ ನೋಡೋಣ.”

“ನಾಳೆ ಬರಲ್ಲ ಸಾರ್, ಉಜ್ಜಿಟ್ಟಿರ್ತಾರೆ. ನನ್ನ ಮೊಮ್ಮಗಳು ಅಲ್ಲೇ ಮಲಗಿದಾಳೆ.”

ನಿಯಮಕ್ಕೆ ಮೊಮ್ಮಕ್ಕಳಿರುವುದಿಲ್ಲ ಎಂದು ಅವರು ಬುದ್ಧಿ ಹೇಳಿದರು.

ಸೂಜಿಯಮ್ಮ ನೇರ ಪರೀಕ್ಷಾಲಯಕ್ಕೆ ಹೋದಳು. ವರದಿಯಲ್ಲಿ ಶುಕ್ರವಾರವೆಂದೇ ಬರೆದು, ತಟ್ಟೆಯ ಫೋಟೋ ಸಮೇತ ನಲ್ಲಿಯ ಮೇಲಿನ ಗೋಡೆಗೆ ಅಂಟಿಸಿದಳು. ಸೂಜಿಯ ಕಥೆ ಕೇಳಿ ಮೊದಲೇ ಬೆದರಿದ್ದ ತಾಯಂದಿರು ಮಕ್ಕಳನ್ನು ಸೊಂಟಕ್ಕೇರಿಸಿಕೊಂಡು ಅಧೀಕ್ಷಕರ ಕೋಣೆಗೆ ನುಗ್ಗಿದರು.

ಮಧ್ಯಾಹ್ನಕ್ಕೆ ಸುತ್ತೋಲೆ ಹೊರಬಿತ್ತು: ನಲ್ಲಿಯ ಶುಚಿತ್ವದ ಮಟ್ಟಿಗೆ ಇನ್ನು ಮುಂದೆ ವಾರದ ಏಳೂ ದಿನಗಳನ್ನು ಮಂಗಳವಾರವೆಂದೇ ಪರಿಗಣಿಸತಕ್ಕದ್ದು. ನಿಯಮದ ಕೂದಲೂ ಕೊಂಕಲಿಲ್ಲ. ಮೊಮ್ಮಗಳು ಗುರುವಾರ, ಅಂದರೆ ಮೂರನೆಯ ಮಂಗಳವಾರ, ಕೈಗೆ ಪಟ್ಟಿ ಕಟ್ಟಿಸಿಕೊಂಡು, ಹೊಟ್ಟೆ ಹಸಿವೆಂದು ರಚ್ಚೆ ಹಿಡಿಯುತ್ತ ಮನೆಗೆ ಹೋದಳು.